ಗೋಡೀನ ಕೇಳಿ ಮೊಳೆ ಹೊಡೀರಿ

ಈ ಬ್ಯಾಸಿಗಿಯಾಗ ನಮ್ಮ ಓಣಿಯ ಮೂರು ಮಂದಿ ಬಂದು ಕೇಳಿದ್ರು. "ಅಕ್ಕಾ, ಬಾಗಿಲ ಮುಂದ ಆ ಮಡಚೋ ನೆರಳು ಹಾಕ್ಸಬೇಕು ಅಂತ ಮಾಡೀವಿ. ನೀವು ಹಾಕ್ಸಿದ್ರಲ್ಲ, ಹೆಂಗ ಅದು?" ಮೂರು ಮಂದಿಗೂ ನಾನು ತಿರುಗಿ ಒಂದೇ ಮಾತು ಕೇಳಿದೆ: "ನಿಮ್ಮನಿ ಗೋಡಿ ಎಂಥದ್ದು?" ಒಬ್ಬಾಕಿ "ಹಳದಿದು" ಅಂದ್ಲು. ನಗಬ್ಯಾಡ್ರಿ. ಎರಡು ವರ್ಷದ ಹಿಂದ ನನ್ನ ಕೇಳಿದ್ರ ನಾನು ಸರಿಯಾಗಿ ಹೇಳ್ತಿದ್ದೆ, ಆದ್ರ ಒಂದು ಸಲ ಹೇಳಿ ಸುಮ್ಮನಾಗಿಬಿಟ್ಟೆ. ಹಳದಿ ಅಂದಾಕಿಗಿಂತ ನಂದೇ ದೊಡ್ಡ ತಪ್ಪು. ಅದನ್ನ ಇಲ್ಲಿ ಬರೀತೀನಿ. ಓದಿದ ಮ್ಯಾಲೆ ಹಾಕ್ಸಿದ್ರ ಹಾಕ್ಸ್ರಿ, ಬಿಟ್ರ ಬಿಡ್ರಿ.

ಮೊದಲು ಆ ವಸ್ತು ಏನು ಅಂತ ಹೇಳ್ತೀನಿ. ಅಂಗಡಿಯವ್ರು ಅದಕ್ಕ ಆನಿಂಗ್ ಅಂತಾರ. ಗೋಡಿಗೆ ಎರಡು ಕಬ್ಬಿಣದ ಬ್ರ್ಯಾಕೆಟ್ಟು, ಅದರಾಗ ಅಡ್ಡಕ ಒಂದು ಉದ್ದನ ಕೊಳವಿ, ಕೊಳವಿಗೆ ಸುತ್ತಿದ ದಪ್ಪನ ಬಟ್ಟಿ. ಕೆಳಗ ನಿಂತು ಸಲಾಕಿ ತಿರುವಿದ್ರ ಎರಡು ತೋಳು ಮೊಣಕೈ ಬಿಚ್ಚಿದಂಗ ಮುಂದಕ್ಕ ಚಾಚ್ತಾವ. ತೋಳಿನೊಳಗ ಸ್ಪ್ರಿಂಗ್ ಇರ್ತಾವ, ಅವು ಬಟ್ಟೀನ ಬಿಗಿಯಾಗಿ ಹಿಡೀತಾವ. ಹೊಳ್ಳಿ ತಿರುವಿದ್ರ ಎಲ್ಲಾ ಮಡಚಿ ಗೋಡಿಗೆ ಹೋಗಿ ಅಂಟ್ಕೊಂತೈತಿ. ಕಂಬ ಇಲ್ಲ, ಕಾಲಿಲ್ಲ. ನೋಡಾಕ ಭಾಳ ಚೆಂದ.

ನಮಗ ಅದು ಬೇಕಾಗಿದ್ದಕ್ಕ ಕಾರಣ ಐತಿ. ನಮ್ಮನಿ ಪಡುವಣ ಬಾಗಿಲಿನ ಮನಿ. ಮುಂದ ಕಟ್ಟಿ, ಕಟ್ಟಿ ಮುಂದ ಅಂಗಳ. ಬ್ಯಾಸಿಗಿಯಾಗ ಹತ್ತರಿಂದ ಒಂದರ ತನಕ ಅದೇ ಅಂಗಳದಾಗ ಸಂಡಿಗಿ, ಹಪ್ಪಳ, ಶಾವಿಗಿ ಒಣಗಬೇಕು, ಅದಕ್ಕ ಬಿಸಿಲು ಬೇಕು. ಒಂದರ ಮ್ಯಾಲೆ ಅದೇ ಜಾಗಕ್ಕ ನೆರಳು ಬೇಕು, ಯಾಕಂದ್ರ ಅಲ್ಲಿ ನಮ್ಮ ಅತ್ತೆವ್ವ ಕುಂದ್ರತಾರ. ಅವರಿಗೆ ಎಂಬತ್ತನಾಕು. ಹೊರಸಿನ ಮ್ಯಾಲೆ ಕುಂತು ಹಡಗಲಿ ಕಡೆಯಿಂದ ಬಂದ ಮಲ್ಲಿಗಿ ಮೊಗ್ಗು ಕಟ್ತಾರ, ಹೋಗೋರು ಬರೋರನ್ನ ಮಾತಾಡಿಸ್ತಾರ, ಯಾರ ಮನಿಗೆ ಯಾರು ಬಂದ್ರು ಅಂತ ಸಂಜಿಗೆ ನನಗ ಸುದ್ದಿ ಹೇಳ್ತಾರ. ಕಣ್ಣು ಮಂಜಾಗ್ಯಾವ, ಕೈ ಮಾತ್ರ ಮೊಗ್ಗು ತಪ್ಪಂಗಿಲ್ಲ. ಅವರಿಗೆ ಊರು ಅಂದ್ರ ಆ ಕಟ್ಟಿನೇ. ಮೊದಲು ತೆಂಗಿನ ಗರಿ ಚಪ್ಪರ ಹಾಕ್ತಿದ್ವಿ. ಚಪ್ಪರ ಹಾಕಿದ್ರ ಸಂಡಿಗಿಗೆ ಬಿಸಿಲಿಲ್ಲ, ತೆಗೆದ್ರ ಅತ್ತೆವ್ವಗ ನೆರಳಿಲ್ಲ. ಹಿಂಗಾಗಿ ಬೆಂಗಳೂರಾಗಿರೋ ಮಗ, "ಅವ್ವಾ, ಬೇಕಾದಾಗ ಬಿಚ್ಚೋದು, ಬ್ಯಾಡಾದಾಗ ಮಡಚೋದು ಒಂದೈತಿ, ಅಜ್ಜಿಗೆ ಕಳಿಸ್ತೀನಿ" ಅಂದಾಗ ನನಗ ಖುಷೀನೇ ಆತು. ಇಪ್ಪತ್ತಾರು ಸಾವಿರ ಕೊಟ್ಟ.

ಇನ್ನ ಗೋಡಿ ಕಥಿ. ಈ ಮನಿ ಕಟ್ಟಿದ್ದು ನಮ್ಮನಿಯವ್ರ ಅಜ್ಜ. ಮನಿ ಇದ್ದಲ್ಲೇ ಇದ್ದು ನಾಕು ಸಲ ಜಿಲ್ಲೆ ನೋಡೈತಿ. ಮೊದಲು ಬಳ್ಳಾರಿ, 1997ರಾಗ ದಾವಣಗೆರೆ, 2018ರಾಗ ಹೊಳ್ಳಿ ಬಳ್ಳಾರಿ, 2021ರಾಗ ವಿಜಯನಗರ. ಮನಿ ಮಾತ್ರ ಅಲ್ಲಾಡಲಿಲ್ಲ. ಎರಡಡಿ ದಪ್ಪದ ಗೋಡಿ: ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವ ಮಣ್ಣು, ಚೂರುಗಲ್ಲು. ಸಿಮೆಂಟ್ ಅನ್ನೋದು ಅದರಾಗ ಒಂದು ಚಮಚ ಇಲ್ಲ. ನಾನು 1990ರಾಗ ಈ ಮನಿಗೆ ಸೊಸಿಯಾಗಿ ಬಂದಾಗ ಆ ಗೋಡಿಗೆ ಮಣ್ಣಿನ ಗಿಲಾವು ಇತ್ತು. ವರ್ಷಕ್ಕೊಂದು ಸಲ, ದೀಪಾವಳಿ ಮುಂದ, ನಾನು ಅತ್ತೆವ್ವ ಇಬ್ಬರೂ ಕೂಡಿ ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ಬಿರುಕು ಮುಚ್ಚಿ ಸಾರಿಸ್ತಿದ್ವಿ, ಮ್ಯಾಲೆ ಸುಣ್ಣ ಬಳೀತಿದ್ವಿ. ಎಲ್ಲಿ ಕಲ್ಲು ಸಡಿಲ ಐತಿ, ಎಲ್ಲಿ ಹೆಗ್ಗಣ ಬಿಲ ತೋಡೈತಿ, ಎಲ್ಲಿ ಮಳಿಗಾಲದಾಗ ತೇವ ಏರ್ತೈತಿ ಅಂತ ನನ್ನ ಅಂಗೈಗೆ ಗೊತ್ತು.

ಆಮ್ಯಾಲೆ ಒಂದು ವರ್ಷ ಮನಿಯಾಗ ಮದುವಿ ಬಂತು. ಮುಂದಿನ ಗೋಡಿಗೆ ಸಿಮೆಂಟ್ ಗಿಲಾವು ಮಾಡ್ಸಿ ಹಳದಿ ಬಣ್ಣ ಹೊಡ್ಸಿದ್ವಿ. ಅವತ್ತಿಂದ ಅದು ಹೊಸಾ ಮನಿ ಗೋಡಿ ಹಂಗ ಕಾಣಾಕ ಹತ್ತಿತು. ಹೊರಗಿಂದ ನೋಡಿದೋರಿಗೆ ಇಟ್ಟಂಗಿ ಗೋಡಿ ಅನ್ನಿಸ್ತೈತಿ. ಒಳಗ ಅದೇ ಮಣ್ಣು. ಅದಕ್ಕೂ ಕೆಟ್ಟದ್ದೊಂದು ಐತಿ: ಮಣ್ಣಿನ ಗಿಲಾವು ಇದ್ದಾಗ ಗೋಡಿಯೊಳಗಿನ ತೇವ ಹೊರಗ ಆರಿ ಹೋಗ್ತಿತ್ತು. ಸಿಮೆಂಟ್ ಬಳಿದ ಮ್ಯಾಲೆ ಆ ತೇವಕ್ಕ ದಾರಿ ಇಲ್ಲ, ಒಳಗೇ ನಿಂತು ಮಣ್ಣನ್ನ ಮೆತ್ತಗ ಮಾಡ್ತೈತಿ. ಮ್ಯಾಲೆ ಗಟ್ಟಿ, ಒಳಗ ಮೊದಲಿಗಿಂತ ಸಡಿಲ.

ಹಾಕಾಕ ಬಂದ ಹುಡುಗರು ದೊಡ್ಡ ಊರಿನ ಒಂದು ಅಂಗಡಿಯೋರು. ಇಬ್ಬರು. ಗೋಡಿಗೆ ಮೂರು ಸಲ ಗುದ್ದಿ ನೋಡಿದ್ರು, "ಗಟ್ಟಿ ಐತಿ" ಅಂದ್ರು. ನಾನಂದೆ, "ತಮ್ಮಾ, ಅದು ಮ್ಯಾಲಿನ ಗಿಲಾವಷ್ಟೇ ಸಿಮೆಂಟು. ಒಳಗ ಮಣ್ಣೈತಿ." ಅವರಾಗ ದೊಡ್ಡಾವ ನಕ್ಕ. "ಅಮ್ಮಾ, ನಮ್ಮದು ದಿನಾ ಇದೇ ಕೆಲಸ. ನೀವು ಚಾ ಮಾಡ್ರಿ." ನಮ್ಮನಿಯವ್ರೂ, "ಅವರಿಗೆ ಗೊತ್ತಿರ್ತೈತಿ ಬಿಡು" ಅಂದ್ರು. ನಾನು ಒಳಗ ಹೋಗಿ ಚಾ ಇಟ್ಟೆ.

ಒಲಿ ಮುಂದ ನಿಂತಾಗ ಡ್ರಿಲ್ಲಿನ ಸಪ್ಪಳ ಕೇಳಿಸ್ತಿತ್ತು. ಮೊದಲು ಗರ್ ಅಂತ ಬಿಗಿಯಾಗಿ, ಆಮ್ಯಾಲೆ ಒಮ್ಮಿಗೇ ಹಗೂರಾತು, ಬೆಣ್ಣಿಯಾಗ ಕೈ ಹೋದಂಗ. ಚಾ ತಗೊಂಡು ಹೊರಗ ಬಂದಾಗ ಕಟ್ಟಿ ಮ್ಯಾಲೆ ಪುಡಿ ಬಿದ್ದಿತ್ತು. ಸ್ವಲ್ಪ ಬೂದಿ ಬಣ್ಣದ್ದು, ಅದರ ಮ್ಯಾಲೆ ಪೂರಾ ಕೆಂಪು ಮಣ್ಣು. ನಾನು ಕಸಬರಿಗಿ ತಗೊಂಡು ಬಳಿದೆ. ಕೈಯಾಗೇ ಸಾಕ್ಷಿ ಹಿಡಕೊಂಡು ಹೊರಗ ಚೆಲ್ಲಿ ಬಂದೆ, ಬಾಯಿ ಬಿಡಲಿಲ್ಲ.

ಎರಡು ತಿಂಗಳು ಚೆಂದಾಗಿ ನಡೀತು. ಅತ್ತೆವ್ವ ಬಂದೋರಿಗೆಲ್ಲಾ, "ನಮ್ಮ ಮೊಮ್ಮಗ ಕಳಿಸ್ಯಾನ" ಅಂತ ತೋರಿಸಿ ತೋರಿಸಿ ಹೇಳಿದ್ರು. ಮೇ ಕಡೀಗೆ, ರೋಹಿಣಿ ಮಳಿ ಹೊತ್ತಿಗೆ, ಒಂದು ಮಧ್ಯಾಹ್ನ ಪಡುವಣದಿಂದ ಧೂಳೆದ್ದು ಬಂತು. ನಾನು ಹಿತ್ತಲಾಗ ಒಣಗಿದ ಅರಿವಿ ತಗೀತಿದ್ದೆ. ಅತ್ತೆವ್ವ ಗುಳಿಗಿ ತಗೊಳ್ಳಾಕ ಅಂತ ಒಳಗ ಎದ್ದು ಬಂದಿದ್ರು, ಹತ್ತು ನಿಮಿಷ ಆಗಿರಲಿಲ್ಲ. ಗಾಳಿ ಕೆಳಗಿಂದ ಬಟ್ಟಿಗೆ ನುಗ್ಗಿ ಎತ್ತಿತು, ಬಿಟ್ಟಿತು, ಮತ್ತೆ ಎತ್ತಿತು. ಹಿಂದೇ ದಪ್ಪ ದಪ್ಪ ಹನಿ. ಬಟ್ಟಿ ನಡುವ ನೀರು ನಿಂತು ಜೋತು ಬಿತ್ತು. ಆಮ್ಯಾಲೆ ಸಿಡಿಲು ಬಡಿದಂಗ ಸಪ್ಪಳ. ಓಡಿ ಬಂದು ನೋಡಿದ್ರ ಬ್ರ್ಯಾಕೆಟ್ಟು, ಕೊಳವಿ, ತೋಳು ಎಲ್ಲಾ ಹೊರಸಿನ ಮ್ಯಾಲೆ. ಹೊರಸಿನ ಕಾಲು ಮುರಿದಿತ್ತು. ಮೊಗ್ಗಿನ ಬುಟ್ಟಿ ಅದರಡಿಗೆ.

ಮಳಿ ನಿಂತ ಮ್ಯಾಲೆ ನೋಡಿದ್ವಿ. ಬೋಲ್ಟು ಮುರಿದಿರಲಿಲ್ಲ. ಒಂದೂ ಸೊಟ್ಟ ಆಗಿರಲಿಲ್ಲ. ಬಟ್ಟಿನೂ ಹರಿದಿರಲಿಲ್ಲ. ಬೋಲ್ಟಿನ ಸುತ್ತ ಮಣ್ಣಿನ ಹೆಂಟಿ ಹಂಗೇ ಅಂಟ್ಕೊಂಡಿತ್ತು. ಗೋಡಿಯಾಗ ಎರಡು ಕಡೆ ರೊಟ್ಟಿ ಅಗಲದ ತೂತು. ಆ ತೂತಿನೊಳಗ ಅಜ್ಜನ ಕಾಲದ ಹೊಟ್ಟು ಇನ್ನೂ ಕಾಣ್ತಿತ್ತು. ಅತ್ತೆವ್ವ ಬಾಗಿಲದಾಗ ನಿಂತು ಕೇಳಿದ್ದು ಒಂದೇ: "ಗೋಡಿಗೆ ಏನಾತವಾ?" ತಮಗೇನಾಗ್ತಿತ್ತು ಅಂತ ಕೇಳಲಿಲ್ಲ.

ಅಂಗಡಿಗೆ ಫೋನ್ ಮಾಡಿದ್ವಿ. ಗಾಳಿಗೆ ಗ್ಯಾರಂಟಿ ಇಲ್ಲ ಅಂದ್ರು. ರೊಕ್ಕದ ಮಾತು ಬಿಡ್ರಿ. ಅವತ್ತಿಂದ ಅತ್ತೆವ್ವ ಹೊರಗ ಕುಂದ್ರೋದು ಬಿಟ್ರು. ಆಷಾಢ ಹೋತು, ಶ್ರಾವಣ ಹೋತು. ಒಳಗ ಬೆಳಕಿಂಡಿ ಕೆಳಗ ಕುಂತ್ಕೊಂಡು, ಓಣಿಯಾಗ ಯಾರೋ ಮಾತಾಡಿದ್ದು ಕೇಳಿಸಿದ್ರ, "ಯಾರವಾ ಅದು?" ಅಂತ ನನ್ನ ಕೇಳೋರು. ನಮ್ಮನಿಗೆ ಆದ ನಷ್ಟ ಅದು.

ಹಂಗ್ಯಾಕಾತು ಅಂತ ನಾನು ಆಮ್ಯಾಲೆ ಲೆಕ್ಕ ಹಾಕಿದೆ. ನಾನು ಪಿಯುಸಿ ತನಕ ಓದಿದಾಕಿ, ಇಂಜಿನಿಯರ್ ಅಲ್ಲ. ಆದ್ರ ನೀರು ಹೊತ್ತೋರಿಗೆಲ್ಲಾ ಈ ಲೆಕ್ಕ ತಿಳೀತೈತಿ. ತುಂಬಿದ ಕೊಡ ಸೊಂಟದ ಮ್ಯಾಲೆ ಇಟ್ಕೊಂಡ್ರ ಒಂದು ಮೈಲಿ ನಡೀಬಹುದು. ಅದೇ ಕೊಡ ಕೈ ಚಾಚಿ ಹಿಡಕೊಂಡು ನಿಂದ್ರಿ ನೋಡೋಣ. ಎಷ್ಟೆಣಿಸಿದ್ರಿ? ಹತ್ತು? ಕೊಡದ ತೂಕ ಅದೇ, ಆದ್ರ ಭುಜ ಕಿತ್ತು ಬರ್ತೈತಿ. ಮಡಚೋ ನೆರಳು ಅಂದ್ರ ಗೋಡಿ ಕೈ ಚಾಚಿ ಹಿಡಕೊಂಡಂಗ. ಅದರ ಭುಜ ಅಂದ್ರ ಬ್ರ್ಯಾಕೆಟ್ಟಿನ ಮ್ಯಾಲಿನ ಬೋಲ್ಟು.

ಒಂದು ಕೊಡ ನೀರು, 15 ಲೀಟರ್, ಅಂದ್ರ 15 ಕೆಜಿ, ಬಟ್ಟಿ ಮ್ಯಾಲೆ ಗೋಡಿಯಿಂದ 5 ಅಡಿ ದೂರದಾಗ ನಿಂತೈತಿ ಅಂತ ಇಟ್ಕೊಳ್ರಿ. 15 ಇಂಟು 5, 75. ಬ್ರ್ಯಾಕೆಟ್ಟಿನ ಮ್ಯಾಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ನಡುವ ಅರ್ಧ ಅಡಿ. 75ನ್ನ ಅರ್ಧದಿಂದ ಭಾಗಿಸಿದ್ರ 150. ಒಂದೇ ಒಂದು ಕೊಡ ನೀರು ಮ್ಯಾಲಿನ ಬೋಲ್ಟುಗಳನ್ನ 150 ಕೆಜಿ ಜೋರಿನಿಂದ ಹೊರಗ ಜಗ್ತೈತಿ. ಮೂರು ಚೀಲ ಸಿಮೆಂಟಿನ ಭಾರ. ಇದು ನೀರಿನ ಲೆಕ್ಕ ಒಂದೇ. ತೋಳಿನ ತೂಕ, ಬಟ್ಟಿ ತೂಕ, ಗಾಳಿ ಜಗ್ಗಾಟ ಇದರ ಮ್ಯಾಲೆ. ಮಣ್ಣಿನ ಗೋಡಿ ಮ್ಯಾಲಿಂದ ಬಂದ ಭಾರಾನ ನೂರು ವರ್ಷ ಹೊರ್ತೈತಿ. ಹೊರಗ ಜಗ್ಗಿದ್ರ ತಡೆಯಂಗಿಲ್ಲ. ಅದನ್ನ ಕಟ್ಟಿದ್ದೇ ಹೊರಾಕ, ಜಗ್ಗಾಕಲ್ಲ.

ಹಂಗಂತ ಆನಿಂಗ್ ಕೆಟ್ಟದ್ದು ಅನ್ನಂಗಿಲ್ಲ. ಹರಪನಹಳ್ಳಿಯಾಗ ನನ್ನ ತಂಗಿ ಮಗಳ ಮನಿ ಮುಂದ ಒಂದೈತಿ, ಐದು ವರ್ಷ ಆತು, ಒಂದು ಕೂದಲೆಳಿ ಅಲ್ಲಾಡಿಲ್ಲ. ಆಕಿ ಮನಿ ಪಿಲ್ಲರ್, ಬೀಮ್ ಹಾಕಿ ಕಟ್ಟಿದ್ದು. ಆಕಿ ಏನು ಮಾಡಿದ್ಲು ಅಂದ್ರ, ಮನಿ ಕಟ್ಟಿದ ಗೌಂಡೀನ ಕರೆಸಿ ಬೀಮ್ ಎಲ್ಲೈತಿ ಅಂತ ಗೋಡಿ ಮ್ಯಾಲೆ ಸೀಮೆಸುಣ್ಣದಾಗ ಗೀಟು ಎಳಿಸಿದ್ಲು. ಬ್ರ್ಯಾಕೆಟ್ ಆ ಕಾಂಕ್ರೀಟಿನ ಬೀಮಿಗೇ ಬಿಗಿಸಿದ್ರು, ಗೋಡಿಗಲ್ಲ. ಗಿಲಾವಿನ ಒಂದಿಂಚು ಲೆಕ್ಕಕ್ಕ ಹಿಡೀಲಿಲ್ಲ, ಅದರಾಚೆ ಕಾಂಕ್ರೀಟಿನೊಳಗ ಬೋಲ್ಟು ನಾಕಿಂಚು ಇಳೀತು. ತೂತು ಕೊರೆದು ಪಂಪಿನಾಗ ಗಾಳಿ ಊದಿ ಪುಡಿ ಪೂರಾ ತೆಗೆದು, ಆಮ್ಯಾಲೆ ಅಂಟಿನಂಥ ಕೆಮಿಕಲ್ ತುಂಬಿ ಬೋಲ್ಟು ಕೂಡ್ರಿಸಿದ್ರು. ಪುಡಿ ಉಳಿದ್ರ ಅಂಟು ಪುಡಿಗೇ ಹತ್ತತೈತಿ, ಕಾಂಕ್ರೀಟಿಗೆ ಹತ್ತಂಗಿಲ್ಲ. ಹಿಟ್ಟು ಉದುರಿಸಿದ ಹಂಚಿಗೆ ರೊಟ್ಟಿ ಹತ್ತದಂಗ. ಒಂದು ರಾತ್ರಿ ಹಂಗೇ ಬಿಟ್ಟು ಮರುದಿನ ಭಾರ ಹಾಕಿದ್ರು. ಇಳಿಜಾರು ನಾಕಡಿಗೆ ಒಂದಡಿ ಇಟ್ರು, ನೀರು ನಿಂದ್ರಬಾರದು ಅಂತ. ಆಕಿ ಗಾಳಿಗೆ ಒಂದು ಕಾಯ್ದೆ ಮಾಡ್ಯಾಳ: ಎದುರಿನ ಬೇವಿನ ಮರದಾಗ ಎಲಿ ಅಲ್ಲಾಡಿದ್ರ ಇರಲಿ, ಟೊಂಗಿ ಅಲ್ಲಾಡಿದ್ರ ಮಡಚಬೇಕು. ಮನಿಯಾಗ ಯಾರೂ ಇಲ್ಲಂದ್ರ ಬಿಚ್ಚಂಗೇ ಇಲ್ಲ.

ಈಗ ನಿಮ್ಮನಿ ಗೋಡಿ ಎಂಥದ್ದು ಅಂತ ನೀವೇ ನೋಡ್ಕೊಳ್ರಿ. ಕಷ್ಟ ಇಲ್ಲ. ಮೊದಲು ಬಾಗಿಲು ಕಿಟಕಿ ಕಡೆ ಗೋಡಿ ದಪ್ಪ ಅಳೀರಿ. ಒಂದೂವರಿ, ಎರಡಡಿ ಇದ್ರ ಹಳೇ ಕಲ್ಲುಮಣ್ಣಿನ ಗೋಡಿ ಇರಬಹುದು. ಆಮ್ಯಾಲೆ ಕಾಣದ ಒಂದು ಮೂಲಿಯಾಗ ಸಣ್ಣ ತೂತು ಕೊರೆಸಿ ಪುಡಿ ಅಂಗೈಗೆ ಹಾಕ್ಕೊಂಡು ನೋಡ್ರಿ. ಮೊದಲಿಂದ ಕಡೀತನಕ ಬೂದಿ ಬಣ್ಣ, ಡ್ರಿಲ್ಲು ಕಷ್ಟಪಟ್ಟು ಹೋತು ಅಂದ್ರ ಕಾಂಕ್ರೀಟು. ಕೆಂಪು ಪುಡಿ, ಉರುಬಿದ್ರ ಹಾರ್ತೈತಿ ಅಂದ್ರ ಸುಟ್ಟ ಇಟ್ಟಂಗಿ. ಪುಡಿ ಒದ್ದಿ ಮಾಡಿ ಬೆರಳಾಗ ತಿಕ್ಕಿದ್ರ ಅಂಟಂಟಾಗಿ ಉಂಡಿ ಆತು ಅಂದ್ರ ಅದು ಮಣ್ಣು. ಡ್ರಿಲ್ಲು ಒಂದಿಂಚು ಹೋಗಿ ಒಮ್ಮಿಗೇ ಖಾಲಿ ಜಾಗಕ್ಕ ಜಾರಿತು ಅಂದ್ರ ಒಳಗ ಪೊಳ್ಳಿರೋ ಸಿಮೆಂಟ್ ಬ್ಲಾಕು.

ಕಾಂಕ್ರೀಟ್ ಬೀಮ್ ಇದ್ರ ಹಾಕ್ಸ್ರಿ, ತಂಗಿ ಮಗಳು ಹಾಕ್ಸಿದಂಗ. ಒಂಬತ್ತಿಂಚಿನ ಗಟ್ಟಿ ಇಟ್ಟಂಗಿ ಗೋಡಿ ಇದ್ರ, ಬರೇ ತೂತಿಗೆ ಬೋಲ್ಟು ತುರುಕಬ್ಯಾಡ್ರಿ. ಉದ್ದನ ರಾಡು ಗೋಡಿ ಪೂರಾ ದಾಟಿಸಿ ಒಳಗಡೆ ಅಗಲದ ಕಬ್ಬಿಣದ ಪ್ಲೇಟ್ ಹಾಕಿ ನಟ್ಟು ಬಿಗಿಸ್ರಿ. ಒಳಗ ಪ್ಲೇಟ್ ಕಾಣ್ತೈತಿ ಅಂತೀರೇನು? ಅದರ ಮ್ಯಾಲೊಂದು ಕ್ಯಾಲೆಂಡರ್ ಹಾಕ್ರಿ. ಆದ್ರ ಕಿಟಕಿ ಅಂಚಿಗೆ, ಗೋಡಿ ತುದೀಗೆ, ಮ್ಯಾಲೆ ಭಾರ ಇಲ್ಲದ ಕಡೀ ವರಸೀಗೆ ಬ್ಯಾಡ, ಇಟ್ಟಂಗಿ ಎದ್ದು ಬರ್ತಾವ. ಪೊಳ್ಳು ಬ್ಲಾಕಿನ ಗೋಡಿಗೆ ಮಾಮೂಲಿ ಬೋಲ್ಟು ಹಿಡಿಯಂಗಿಲ್ಲ, ಅದಕ್ಕೂ ಹಿಂದ ಪ್ಲೇಟೇ ಬೇಕು, ಇಲ್ಲಾ ಬೀಮ್ ಹುಡುಕಬೇಕು. ಕಲ್ಲುಮಣ್ಣಿನ ಗೋಡಿ, ಹಸಿ ಇಟ್ಟಂಗಿ ಗೋಡಿ ಇದ್ರ ಯಾರು ಏನ ಹೇಳ್ಲಿ, ಬ್ಯಾಡ. ರಾಡು ದಾಟಿಸ್ತೀವಿ ಅಂದ್ರೂ ಬ್ಯಾಡ. ಜಂತಿ ತುದೀಗೆ ಬಿಗಿಸ್ತೀವಿ ಅಂದ್ರೂ ಬ್ಯಾಡ, ಆ ಜಂತಿ ಮ್ಯಾಲೆ ನಿಮ್ಮ ಮಾಳಿಗಿ ಕುಂತೈತಿ.

ಇನ್ನೊಂದು, ಬಿಸಿಲು. ನಮ್ಮ ಕಡೆ ಏಪ್ರಿಲ್ ಕಡೀಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮ್ಯಾಲೆ ಬರ್ತಾನ, ನಮ್ಮ ನೆರಳು ನಮ್ಮ ಪಾದದಡಿಗೇ ಇರ್ತೈತಿ. ಆವಾಗ ತಲಿ ಮ್ಯಾಲೆ ಬಟ್ಟಿ ಇದ್ರ ಸಾಕು. ಆದ್ರ ಪಡುವಣ ಬಾಗಿಲಿನ ಮನಿಗೆ ನಾಕರ ಮ್ಯಾಲೆ ಬಿಸಿಲು ಮ್ಯಾಲಿಂದ ಬರಂಗಿಲ್ಲ, ಎದುರಿಗಿಂದ ಕಣ್ಣಿಗೆ ನೆಟ್ಟಗ ಹೊಡೀತೈತಿ. ಎಷ್ಟು ಉದ್ದ ಚಾಚಿದ ನೆರಳಿದ್ರೂ ಅದು ಕೆಳಗ ನುಗ್ಗಿ ಬರ್ತೈತಿ. ಅದಕ್ಕ ಮುಂದೊಂದು ಇಳಿಬಿಟ್ಟ ಪರದೀನೇ ಬೇಕು. ಮೂಡಣ ಬಾಗಿಲಿನೋರಿಗೆ ಮಧ್ಯಾಹ್ನದ ಮ್ಯಾಲೆ ಮನಿ ನೆರಳೇ ಅಂಗಳಕ್ಕ ಬೀಳ್ತೈತಿ, ಹೊತ್ತು ಇಳಿದಂಗ ಉದ್ದ ಆಕ್ಕೊಂತ ಹೋಗ್ತೈತಿ. ಸಂಜಿ ಕಡೆ ಕುಂದ್ರೋರಾದ್ರ ಏನೂ ಬ್ಯಾಡ, ರೊಕ್ಕ ಉಳೀತು. ಯಾವ ಹೊತ್ತಿಗೆ ಕಟ್ಟಿ ಮ್ಯಾಲೆ ಬಿಸಿಲು ಎಲ್ಲಿರ್ತೈತಿ ಅನ್ನೋದು ದಿನಾ ಅಲ್ಲಿ ಕಾಳು ಒಣಗಿಸೋರಿಗೆ ಗೊತ್ತು. ಅಂಗಡಿಯೋರು ಬರೋದು ಮುಂಜಾನಿ ಹತ್ತಕ್ಕ, ಹೋಗೋದು ಹನ್ನೆರಡಕ್ಕ. ಅವರಿಗೆ ಹೆಂಗ ಗೊತ್ತಾಗಬೇಕು?

ನಾವು ಕಡೀಗೆ ಏನು ಮಾಡಿದ್ವಿ ಅಂತ ಹೇಳ್ತೀನಿ. ಶ್ರಾವಣದ ಕಡೀ ಸೋಮವಾರ ನಾನು ನಮ್ಮೂರ ಭೀಮೇಶ್ವರನ ಗುಡಿಗೆ ಹೋಗಿದ್ದೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ, ಚಿಕ್ಕಂದಿನ ನಮ್ಮ ಮಕ್ಕಳು ಅಲ್ಲೇ ಆಡಿ ಬೆಳೆದಾವ. ಕಂಬಕ್ಕ ಒರಗಿ ಕುಂತಾಗ ಮ್ಯಾಲೆ ನೋಡಿದೆ. ಅಷ್ಟು ದೊಡ್ಡ ದೊಡ್ಡ ಕಲ್ಲು, ಎಲ್ಲಾ ಕಂಬದ ಮ್ಯಾಲೆ ಕುಂತಾವ. ಕಂಬ ನೆಲದ ಮ್ಯಾಲೆ ನಿಂತಾವ. ಅಷ್ಟೇ. ನಮ್ಮ ಚಪ್ಪರನೂ ಹಂಗೇ ಅಲ್ಲೇನು? ಮದುವಿ ಹಂದರನೂ ಹಂಗೇ. ನಮ್ಮ ಹಿರೇರು ನೆರಳನ್ನ ಗೋಡಿಗೆ ಜೋತು ಬಿಟ್ಟೋರಲ್ಲ, ಕಾಲು ಕೊಟ್ಟು ನಿಲ್ಲಿಸಿದೋರು. ಮನಿಗೆ ಬಂದು ನಮ್ಮನಿಯವ್ರಿಗೆ ಅದನ್ನೇ ಹೇಳಿದೆ. ಈ ಸಲ ಒಂದು ಸಲ ಹೇಳಿ ಬಿಡಲಿಲ್ಲ.

ಊರಾಗಿನ ಗೌಂಡೀನ, ವೆಲ್ಡಿಂಗ್ ಅಂಗಡಿಯವ್ನ ಕರೆಸಿದ್ವಿ. ನಾಕು ಕಬ್ಬಿಣದ ಪೈಪು, ಒಂದೊಂದಕ್ಕೂ ಎರಡಡಿ ಕುಣಿ ತೋಡಿ, ಅಡಿಗೆ ಪ್ಲೇಟ್ ಬೆಸೆದು ಕಾಂಕ್ರೀಟ್ ಹಾಕಿದ್ರು. ಹಿಂದಿನ ಎರಡು ಕಂಬ ಒಂಬತ್ತಡಿ, ಮುಂದಿನವು ಏಳೂವರಿ, ನಡುವ ಆರಡಿ. ಮ್ಯಾಲೆ ಸುತ್ತ ಪೈಪಿನ ಚೌಕಟ್ಟು. ಬಿದ್ದ ಆನಿಂಗಿನ ಬಟ್ಟೀನೇ ಬಿಚ್ಚಿ, ಅಂಚಿಗೆ ಬಳಿ ಹಾಕಿ ಹೊಲಿಸಿ, ತಂತಿ ಮ್ಯಾಲೆ ಓಡೋ ಹಂಗ ಮಾಡಿದ್ವಿ. ಬಾಗಿಲಿಗೆ ಪರದಿ ಎಳೀತೀವಲ್ಲ, ಹಂಗ. ಮುಂಜಾನಿ ಒಂದು ಕಡೆ ಸರಿಸಿದ್ರ ಸಂಡಿಗಿಗೆ ಬಿಸಿಲು, ಮಧ್ಯಾಹ್ನ ಎಳೆದ್ರ ನೆರಳು. ಗಾಳಿ ಬಂದ್ರ ಒಂದೇ ಜಗ್ಗಿಗೆ ಮಡಚಿ ಕಂಬಕ್ಕ ಕಟ್ತೀನಿ. ಮುಂದ ಗೋಣಿ ತಾಟಿನ ಪರದಿ ಇಳಿಬಿಟ್ಟೀವಿ, ನಾಕರ ಬಿಸಿಲಿಗೆ. ಎಲ್ಲಾ ಸೇರಿ ಹನ್ನೊಂದು ಸಾವಿರ. ಕಂಬಕ್ಕೂ ಗೋಡಿಗೂ ನಡುವ ನಾಕು ಬೆರಳು ಜಾಗ ಬಿಡಿಸೀನಿ. ಗೋಡಿ ತೂತಿಗೆ ಕೆಮ್ಮಣ್ಣು, ಹೊಟ್ಟು ಕಲಸಿ ನಾನೇ ಮೆತ್ತಿದೆ.

"ಕಂಬ ಅಡ್ಡ ಬರ್ತಾವ, ಅಂಗಳ ಸಣ್ಣದಾಗ್ತೈತಿ" ಅಂತ ಮಗ ಫೋನಿನಾಗ ಅಂದ. ಹೌದು, ಬರ್ತಾವ. ಗಾಡಿ ನಿಲ್ಲಿಸಾಕ ಸ್ವಲ್ಪ ತ್ರಾಸ ಐತಿ. ಕಾಲಿದ್ದದ್ದು ಜಾಗ ತಗೊಂತೈತಿ. ಗಟ್ಟಿ ಬೀಮಿಲ್ಲದ ಮನಿಗೆ ಕಾಲಿಲ್ಲದ ನೆರಳಿಗಿಂತ ಅಡ್ಡ ಬರೋ ಕಂಬನೇ ಲೇಸು ಅಂತೀನಿ ನಾನು.

ಕಂಬ ನಿಂತು ಹದಿನೈದು ದಿನ ಆದ್ರೂ ಅತ್ತೆವ್ವ ಹೊರಗ ಬರಲಿಲ್ಲ. ನಾನು ಕರೀಲಿಲ್ಲ. ಒಂದು ಮಧ್ಯಾಹ್ನ ತಾವೇ ಎದ್ದು, ಗೋಡಿ ಹಿಡಕೊಂಡು ಹೊರಗ ಬಂದ್ರು. ಕಂಬ ಎರಡೂ ಕೈಯಾಗ ಹಿಡಿದು ಅಲ್ಲಾಡಿಸಿ ನೋಡಿದ್ರು. ಆಮ್ಯಾಲೆ ಕಂಬಕ್ಕೂ ಗೋಡಿಗೂ ನಡುವಿನ ಸಂದಿಯಾಗ ಕೈ ಹಾಕಿ ಮ್ಯಾಲೆ ಕೆಳಗ ಆಡಿಸಿದ್ರು. "ಗೋಡಿ ಮುಟ್ಟಿಲ್ಲೇನವಾ?" ಅಂದ್ರು. "ಮುಟ್ಟಿಲ್ಲ ಅತ್ತೆವ್ವ" ಅಂದೆ. ಕುಂತ್ರು. ಸ್ವಲ್ಪ ಹೊತ್ತಿಗೆ, "ಮೊಗ್ಗು ಐತೇನು?" ಅಂತ ಕೇಳಿದ್ರು. ಈಗ ದಿನಾ ಕುಂದ್ರತಾರ. ಗಾಳಿ ಬೀಸಿದ್ರ ಮಾತ್ರ ಇನ್ನೂ ಒಂದು ಸಲ ಮ್ಯಾಲೆ ನೋಡ್ತಾರ. ಆ ನೋಟ ನನ್ನದೇ ತಪ್ಪಿಂದ ಬಂದದ್ದು, ಅದು ಹೋಗಂಗಿಲ್ಲ.

ಅದಕ್ಕ ಅಕ್ಕತಂಗೇರಿಗೆ, ಸೊಸೇರಿಗೆ ನಾನು ಹೇಳೋದು ಇಷ್ಟು. ಮನಿ ಯಾರ ಹೆಸರಿನಾಗ ಇರಲಿ, ಗೋಡಿ ಒಳಗೇನೈತಿ ಅಂತ ಗೊತ್ತಿರೋದು ಅದನ್ನ ಸಾರಿಸಿದೋರಿಗೆ, ಸುಣ್ಣ ಬಳಿದೋರಿಗೆ, ಮಳಿಗಾಲದಾಗ ತೇವ ಒರೆಸಿದೋರಿಗೆ. ಅದು ಸಣ್ಣ ತಿಳುವಳಿಕಿ ಅಲ್ಲ. ನಾವು ಒಂದು ಸಲ ಹೇಳ್ತೀವಿ, ಗಂಡಸರು ನಕ್ರ ನಾವೂ ನಕ್ಕು ಸುಮ್ಮನಾಗ್ತೀವಿ, ನಾಕು ಮಂದಿ ಮುಂದ ಯಾಕ ವಾದ ಅಂತ. ಬ್ಯಾಡ್ರಿ. ಎರಡನೇ ಸಲ ಹೇಳ್ರಿ. ಕೆಂಪು ಪುಡಿ ಬಿದ್ದ ಕೂಡ್ಲೇ ಅದನ್ನ ಬಳಿಯಬ್ಯಾಡ್ರಿ, ಅಂಗೈಯಾಗ ಹಿಡಕೊಂಡು ಹೋಗಿ ಡ್ರಿಲ್ಲಿನವ್ನ ಮುಂದ ಚಾಚ್ರಿ. "ಇದೇನು ಹೇಳಪ್ಪಾ, ಆಮ್ಯಾಲೆ ಎರಡನೇ ತೂತು ಹೊಡಿ" ಅನ್ರಿ.

ಚಾ ಆಮ್ಯಾಲೆ ಮಾಡಿದ್ರ ಆತು. ಮೊದಲು ಗೋಡಿ ಮುಂದ ನಿಂದ್ರಿ.